ಮಾವನ ದವಡೆಯ ಗಾಜು

ಗೆಳೆಯರೇ, ಇವತ್ತು ಬೆಳಿಗ್ಗೆ ನಾಗಮಂಗಲದ ನಮ್ಮ ಮನೆಯಲ್ಲಿ ಅತ್ತೆ ಒಡೆದ ಗಾಜಿನ ಬಳೆಗಳನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದರು. ಯಾಕೆ ಎಂದು ಕೇಳಿದೆ.

"ನಿಮ್ ಮಾವುನ್ ಅಂಬಲಿಗೆ ಕಣವ್ವ. ದವಡೆ ಮೂಳೆ ಬೆಳೀಲಿ ಅಂತ ಮೈಸೂರ್ ಡಾಕ್ಟ್ರು ಗಾಜಿನ್ ಪುಡಿ ತುಂಬವ್ರಲ್ಲ, ವೊಟ್ಟೆಗೂ ಒಸಿ ಓಗ್ಲಿ ಬುಡು."

ಒನಕೆ ಕಿತ್ತುಕೊಂಡೆ. "ಅತ್ತೆ, ಅದು ಮೂಳೆಗೆ ಅಂತ್ಲೇ ಮಾಡಿರೋ ಬೇರೆ ಗಾಜು! ಸುಣ್ಣದಂಶ ಇರ್ತದೆ, ಮೆಲ್ಲಗೆ ಕರಗ್ತದೆ, ಅದ್ರ ಮೇಲೆ ಹೊಸ ಮೂಳೆ ಬೆಳೆದು ಗಟ್ಟಿಯಾಗ್ತದೆ. ಇದು ತಿಂದ್ರೆ ಕರುಳೇ ಕುಯ್ದೋಗ್ತದೆ."

"ಇವೂ ಒಳ್ಳೆ ಬಳೆನೇ ಕಣವ್ವ, ನಮ್ ತವರ್ನೋರು ತೊಡ್ಸಿದ್ದು" ಎಂದು ಅತ್ತೆ ಮುನಿಸಿಕೊಂಡರು.

ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮಾವ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟರು. ಈಗಷ್ಟೇ ಬೆಳ್ಳೂರು ಕ್ರಾಸಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದರು: "ಓಟ್ಲಲ್ಲೇ ಊಟ ಆಯ್ತು ಕಣವ್ವ. ರಾತ್ರೀಗೂ ಇಲ್ಲೇ."