ದಪ್ಪ ದನಿಯವನು

ಸುದ್ದಿ ವಾಹಿನಿಗೆ ದನಿ ಕೊಡುವ ಇವನು ನೊಣ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವ ಸಾಧು ಪ್ರಾಣಿ. ಆದರೆ ಚುನಾವಣೆ ಬಂತೆಂದರೆ ಬಿಸಿನೀರು ಮುಕ್ಕಳಿಸಿ, ಹೊಟ್ಟೆಯಾಳದಿಂದ ಗುಡುಗುತ್ತಾನೆ: "ಕರಿಯರು ನಿಮ್ಮ ಬೀದಿಗೂ ಬಂದಿದ್ದಾರೆ, ಬಾಗಿಲು ತೆರೆಯಬೇಡಿ." ಕೇಳಿದರೆ, "ನಾನು ಬರೀ ಓದೋನಪ್ಪಾ, ಬರೆಯೋರು ಬೇರೆ" ಎನ್ನುತ್ತಾನೆ. ಕೆಲಸ ಮುಗಿದ ಮೇಲೆ ಅಮ್ಮನಿಗೆ ಮೆತ್ತಗಿನ ಬನ್ನು ಕೊಂಡು, ದಾರಿಯ ನಾಯಿಗಳನ್ನೆಲ್ಲ ಮಾತಾಡಿಸುತ್ತಾ ಮನೆ ಸೇರುತ್ತಾನೆ. ಮೊನ್ನೆ ಬಂದಾಗ, ಅಮ್ಮನನ್ನು ವರ್ಷಗಳಿಂದ ನೋಡಿಕೊಳ್ಳುವ ಕಪ್ಪು ಬಣ್ಣದ ನರ್ಸಮ್ಮ ಔಷಧಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲ ಆಚೆಯಿಂದ ಅಮ್ಮ ಹೇಳುತ್ತಿದ್ದಳು: "ಬೇಜಾರು ಮಾಡ್ಕೋಬೇಡ ತಾಯಿ, ಟಿವೀಲಿ ಯಾರೋ ದಪ್ಪ ದನಿಯೋನು ಬಾಗಿಲು ತೆಗೀಬೇಡಿ ಅಂತಿದಾನೆ." ನರ್ಸಮ್ಮ ಸರಿದು ಜಾಗ ಕೊಟ್ಟಳು. "ನೀವೊಂದ್ಸಲ ಕರೀರಿ. ನಿಮ್ಮ ದನಿಗಾದ್ರೆ ತೆಗೀತಾರೆ."