ಅಣ್ಣ ನೋಡುತ್ತಿದ್ದ ಕುದುರೆ

ಮೊನ್ನೆ ಮನೆಯಲ್ಲಿ ಸಾರಿಗೆಂದು ಹುರುಳಿ ಬೇಯಿಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಮರಾಜನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಣ್ಣ ನೆನಪಾದ. ಸಂಬಂಧವೇನಿಲ್ಲ, ಬೀದಿಗೆಲ್ಲ ಅಣ್ಣ. ದಿನಾ ಬೆಳಿಗ್ಗೆ ತನ್ನ ಕುದುರೆಗೆ ಹುರುಳಿ ಬೇಯಿಸುತ್ತಿದ್ದ. ಇಷ್ಟು ವರ್ಷವಾದರೂ ಅವನ ನೆನಪಾದರೆ ನನಗೆ ಮೊದಲು ಬರುವುದು ಹೊಟ್ಟೆಕಿಚ್ಚೇ...

ಎರಡು ಸಾವಿರದ ಇಸವಿಯ ಆಚೀಚೆ ನಾವಿಬ್ಬರೂ ಮದುವೆ ಮೆರವಣಿಗೆಗಳಿಗೆ ಕುದುರೆ ಒಯ್ಯುತ್ತಿದ್ದೆವು. ಅವನು ಮೈಸೂರಿನ ಲಾಯವೊಂದರಲ್ಲಿ ಕುದುರೆ ಪಳಗಿಸಿ ಬಂದವನು. ಡ್ರೆಸ್ಸಾಜ್ ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವನ ಬಾಯಲ್ಲೇ. ಸವಾರ ಕಾಲನ್ನು ತುಸು ಒತ್ತಿದರೆ ಸಾಕು, ಕುದುರೆ ಅಡ್ಡ ಹೆಜ್ಜೆ ಹಾಕಬೇಕು, ನಿಂತಲ್ಲೇ ತಾಳಕ್ಕೆ ಸರಿಯಾಗಿ ಕಾಲೆತ್ತಬೇಕು. ಅವನ ಮುದಿ ಕುದುರೆ ಅದನ್ನೆಲ್ಲ ಮಾಡುತ್ತಿತ್ತು. ಜನ ಮದುಮಗನನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು. ನನ್ನ ಕುದುರೆಯ ಜೊತೆ ಫೋಟೊ ತೆಗೆಸಿಕೊಳ್ಳುವವರೂ ಇರಲಿಲ್ಲ.

ಹಂಗಳದ ಹತ್ತಿರ ತೋಟದ ಮನೆಯವರೊಬ್ಬರು ಎರಡು ಎಳೆ ಕುದುರೆ ಮಾರುತ್ತಾರೆಂದು ಗೊತ್ತಾಗಿ ಇಬ್ಬರೂ ಬಸ್ಸು ಹತ್ತಿದೆವು. ಒಂದು ಅಚ್ಚ ಬಿಳಿ, ಎತ್ತಿದ ಕತ್ತು. ಇನ್ನೊಂದು ಮಣ್ಣು ಬಣ್ಣದ್ದು, ಗಿಡ್ಡ, ದಪ್ಪ ತಲೆ. ಅಣ್ಣ ಗಿಡ್ಡದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಸುಮ್ಮನಾದ. ಬಿಳಿಯದನ್ನು ಮಾತ್ರ ಬಿಡಲೇ ಇಲ್ಲ. ಹಿಂದೆ ನಿಂತು ನೋಡಿದ, ನಡೆಸಿ ನೋಡಿದ, ಕುಕ್ಕರುಗಾಲಲ್ಲಿ ಕೂತು ಅದರ ಹಿಂಗಾಲು ನೋಡಿದ. ಇದನ್ನೂ ಇವನೇ ಹೊಡೆದುಕೊಂಡು ಹೋಗುತ್ತಾನೆ ಅನ್ನಿಸಿತು ನನಗೆ. ಅವನು ಬಾಯಿ ತೆರೆಯುವ ಮೊದಲೇ ಬಿಳಿಯದು ನನಗೆ ಎಂದು ಹಗ್ಗ ಹಿಡಿದುಬಿಟ್ಟೆ. ಅಣ್ಣ ಗಿಡ್ಡದನ್ನು ಕೊಂಡ.

ಆರು ತಿಂಗಳಲ್ಲಿ ಆ ಗಿಡ್ಡ ಕುದುರೆ ಅಡ್ಡ ಹೆಜ್ಜೆ ಕಲಿಯಿತು. ನನ್ನದು ಎರಡು ಹೆಜ್ಜೆಗೇ ಬೆನ್ನು ತಗ್ಗಿಸಿ, ತಲೆ ಕೊಡವಿ ಒದ್ದಾಡುತ್ತಿತ್ತು. ಒಂದು ದಿನ ಅಣ್ಣ ಬೇಲಿಯ ಆಚೆಯಿಂದ ನೋಡಿ ಅಂದ:

"ಬೆನ್ನು ಉದ್ದ ಅದ, ಇಂಗಾಲು ಕಂಬದಂಗ ನೆಟ್ಟಗವ. ಭಾರ ತಡಿಯಕಿಲ್ಲ. ಇದ್ಕ ನಡ್ಗ ಕಲಿಸು, ಕುಣ್ತ ಬ್ಯಾಡ ಬುಡು."

ತಾನೊಬ್ಬನೇ ಮೆರೆಯಬೇಕು, ಅದಕ್ಕೇ ಈ ಉಪದೇಶ ಎಂದುಕೊಂಡೆ. ಕುಣಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ ತಮಟೆ ಬಿರುಸಾಯಿತು. ಮದುಮಗ ಇನ್ನೂ ಹತ್ತಿರಲಿಲ್ಲ, ಪುಣ್ಯ. ಮುಂಗಾಲು ಎತ್ತಿಸಿದೆ. ಎತ್ತಿತು. ಜನ ಶಿಳ್ಳೆ ಹೊಡೆದರು. ಆ ಶಿಳ್ಳೆಗೆ ಎಷ್ಟು ವರ್ಷದಿಂದ ಕಾದಿದ್ದೆನೋ, ಇನ್ನೊಮ್ಮೆ ಎತ್ತಿಸಿದೆ. ಹಿಂಗಾಲು ಕುಸಿದು ಅಲ್ಲೇ ಕೂತುಬಿಟ್ಟಿತು... ಆಮೇಲೆ ಅದು ಕುಂಟದೆ ನಡೆದದ್ದನ್ನು ನಾನು ನೋಡಲಿಲ್ಲ.

ಕಾಲಿಗೆ ಎಣ್ಣೆ ನೀವಲು ದಿನಾ ಬಂದವನು ಅಣ್ಣನೇ. ಅದನ್ನೂ ಸಹಿಸಲಾಗಲಿಲ್ಲ ನನಗೆ. ಹಂಗಳದಲ್ಲೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೆ ನಿಂತೆ. ಅವನು ನೀವುವುದನ್ನು ನಿಲ್ಲಿಸಲಿಲ್ಲ.

"ಯೋಳಾಕ ಬಾಯಿ ತಗ್ಯೋ ಅಷ್ಟೊತ್ಗ ನೀನು ಹಗ್ಗ ಇಡ್ಕಬುಟ್ಟಿದ್ದ. ನೀನು ಕುದ್ರ ನೋಡ್ನಿಲ್ಲ ಕಣ್ಲಾ, ನನ್ನ ನೋಡ್ದ."

ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಅವನ ಕುದುರೆ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೈಕ್ ರಿಪೇರಿ ಅಂಗಡಿ ಇದೆ. ನಾನೂ ಕುದುರೆಯ ಸಹವಾಸ ಬಿಟ್ಟೆ. ಎಲ್ಲಾದರೂ ಮೆರವಣಿಗೆ ಕಂಡರೆ ಮಾತ್ರ ಹಿಂದೆ ಹೋಗಿ ನಿಂತು ಕುದುರೆಯ ಬೆನ್ನು ನೋಡುತ್ತೇನೆ, ಹಿಂಗಾಲು ನೋಡುತ್ತೇನೆ. ಈಗ ಸರಿಯಾಗಿಯೇ ನೋಡುತ್ತೇನೆ. ಹೌದಾ ಅಣ್ಣ ಎಂದು ಕೇಳಲು ಪಕ್ಕಕ್ಕೆ ತಿರುಗಿದರೆ, ಅಲ್ಲಿ ಅವನಿಲ್ಲ.