ಜಯಮ್ಮ ಹಿಡಿದ ಒಂಟೆಜೇಡ

ಕಲ್ಲೆತ್ತುವ ಮೊದಲು ಜಯಮ್ಮ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ನೆಲಕ್ಕೊತ್ತಿ, "ಇದ್ದೀಯೇನವ್ವ?" ಎಂದು ಕೇಳುತ್ತಿದ್ದರು. ಆಮೇಲೆ ಎತ್ತಿದರೆ ಅಡಿಯಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಅದಕ್ಕೇ ಅವರನ್ನು ಕಂಡರೆ ನನಗೆ ಉರಿ.

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವರು ಬುಕ್ಕಾಪಟ್ಟಣದ ಕಡೆ ಮೇಕೆ ಮೇಯಿಸಿಕೊಂಡಿದ್ದವರು. ದಾರಿ ತೋರಿಸಲೆಂದು ನಮ್ಮ ತಂಡಕ್ಕೆ ಸೇರಿದ್ದರು. ಶಿರಾ, ಪಾವಗಡದ ಕುರುಚಲು ಬಯಲುಗಳಲ್ಲಿ ಕೀಟ, ಚೇಳು, ಜೇಡಗಳನ್ನು ಜೀವಂತ ಹಿಡಿದು, ಅವುಗಳ ಜೀನೋಮ್ ಓದುವ ಪ್ರಯೋಗಾಲಯಕ್ಕೆ ಕಳಿಸುವುದು ನಮ್ಮ ಕೆಲಸ. ಮೊದಲ ದಿನ ಅದನ್ನು ಬಿಡಿಸಿ ಹೇಳಲು ನಾನು ತಡವರಿಸುತ್ತಿದ್ದಾಗ ಜಯಮ್ಮನೇ ಮುಗಿಸಿಬಿಟ್ಟರು: "ಹುಳದ ಜಾತ್ಕ ಓದುಸ್ತೀರ ಅನ್ರಮ್ಮ!" ತಂಡ ನಡೆಸುತ್ತಿದ್ದ ಪ್ರೊಫೆಸರು ಬಿದ್ದುಬಿದ್ದು ನಕ್ಕರು. ಹೋದಲ್ಲೆಲ್ಲ ಆ ಮಾತನ್ನೇ ಹೇಳತೊಡಗಿದರು. ನಾನು ಬರೆದ ವರದಿಗಳ ಒಂದು ಸಾಲೂ ಅವರ ಬಾಯಲ್ಲಿ ಹಾಗೆ ಉಳಿದಿರಲಿಲ್ಲ.

ಎರಡು ಬೇಸಿಗೆ ನಾನು ಒಂಟೆಜೇಡಕ್ಕಾಗಿ ಅಲೆದಿದ್ದೆ. ಹೆಸರಿಗೆ ಜೇಡ; ಬಲೆ ನೇಯದೆ, ಕಾದ ನೆಲದ ಮೇಲೆ ಗಾಳಿಯಂತೆ ಓಡುವ ಜೀವಿ. ಒಂದು ಬೆಳಿಗ್ಗೆ ಜಯಮ್ಮ ಅದನ್ನು ಮೊಸರಿನ ಡಬ್ಬಿಯಲ್ಲಿ ತಂದು ನನ್ನ ಕೈಗಿಟ್ಟರು. "ನೀನು ಹುಡುಕ್ತಿದ್ಯಲ್ಲ ಕಣಮ್ಮ, ಸಿಕ್ಬುಡ್ತು." ಪ್ರೊಫೆಸರು ಎಲ್ಲರೆದುರು, "ಇವರನ್ನು ನೋಡಿ ಕಲೀಬೇಕು ನೀವು" ಎಂದರು.

ಡಬ್ಬಿಯನ್ನು ತಂಪಿನಲ್ಲಿಡುವುದು ನನ್ನ ಜವಾಬ್ದಾರಿ. ಜೀಪಿನ ಮುಂದಿನ ಗಾಜಿನ ಕೆಳಗಿಟ್ಟೆ. ಮಧ್ಯಾಹ್ನ ಅಲ್ಲಿ ಬಿಸಿಲು ಬೀಳುತ್ತದೆಂದು ನನಗೆ ಗೊತ್ತಿತ್ತು. ಊಟ ಮುಗಿಸಿ ಬಂದಾಗ ಅದು ಸತ್ತು ಮುದುಡಿತ್ತು. ಹಾಗೆ ಬೆಂದ ದೇಹದ ಡಿಎನ್ಎ ಓದಲು ಬಾರದು.

ಜಯಮ್ಮ ಡಬ್ಬಿ ತೆಗೆದು, ಅದನ್ನು ಬೆರಳಲ್ಲಿ ಮೆಲ್ಲಗೆ ಹೊರಳಿಸಿ ನೋಡಿದರು. "ನಂದೇ ತಪ್ಪು ಸಾ. ಹಿಡಿಯೋವಾಗ ಎಲ್ಲೋ ಒತ್ಬುಟ್ಟೆ ಅನ್ಸುತ್ತೆ" ಎಂದು ಪ್ರೊಫೆಸರಿಗೆ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಮರುದಿನದಿಂದ ಅವರು ಬರಲಿಲ್ಲ. "ಓದಕ್ಕೆ ಅಂತ ಹಿಡ್ಕೊಡ್ತಿದ್ದೆ. ಸುಮ್ಸುಮ್ಕೆ ಸಾಯ್ಸೋದಾದ್ರೆ ಬ್ಯಾಡ" ಎಂದು ಹೇಳಿಕಳಿಸಿದರು.

ಅವರಿಲ್ಲದ ತಂಡದಲ್ಲಿ ನಾನೇ ಮೊದಲಿಗಳಾದೆ. ಕಲ್ಲೆತ್ತಿದರೆ ಇರುವೆ, ಬರೀ ಇರುವೆ.

ಹೋದ ವರ್ಷ ಶಿರಾ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಚೆನ್ನಾಗಿದ್ದೀಯೇನಮ್ಮ?" ಎಂದು ಕೈ ಹಿಡಿದುಕೊಂಡರು. ನನಗೆ ತಡೆಯಲಾಗಲಿಲ್ಲ. "ಅವತ್ತು ಡಬ್ಬಿ ಬಿಸಿಲಿಗಿಟ್ಟಿದ್ದು ನಾನು. ಬೇಕಂತಲೇ" ಎಂದೆ.

ಕೈ ಬಿಟ್ಟರು. "ಸಾರ್‌ಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬುಡು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ತಿರುಗಿ ನೋಡಲಿಲ್ಲ.

ಆಮೇಲೆ ಅವರನ್ನು ಕಂಡಿಲ್ಲ. ಪ್ರೊಫೆಸರು ಈಗಲೂ ಆಗಾಗ ಅವರ ಮಾತು ತೆಗೆಯುತ್ತಾರೆ. "ಎಂಥ ಕೈ ಜಯಮ್ಮನದು! ಒಂದೇ ಸಲ ತಪ್ಪಿತು ನೋಡಿ" ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ.